ದತ್ತು ತಂದ ಗಂಡು ನಾಯಿ ಇದ್ದಕ್ಕಿದ್ದ ಹಾಗೆ ಮೈಮೇಲೆ ಹತ್ತತೊಡಗಿದರೆ

ನಮ್ಮ ಕೆಂಚ ಮನೆಗೆ ಬಂದದ್ದು ಜುಲೈನಲ್ಲಿ. ಮೈಸೂರಿನ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಬೆಳೆದವನು, ವಯಸ್ಸು ಒಂದು ವರ್ಷದ ಆಸುಪಾಸು, ಸಂತಾನಹರಣ ಆಪರೇಷನ್ ಆಗಿರಲಿಲ್ಲ. ಮೂರು ತಿಂಗಳು ಮನೆಯಲ್ಲಿ ನಾಯಿ ಇದೆ ಅಂತಲೇ ಗೊತ್ತಾಗದಷ್ಟು ಸಾಧು. ಬಲಿಪಾಡ್ಯಮಿಯ ದಿನ ಸೋದರಮಾವ ಬಂದು ಸೋಫಾ ಮೇಲೆ ಕೂತರು. ಕೆಂಚ ಅವರ ಮೊಣಕಾಲನ್ನು ಎರಡೂ ಮುಂಗಾಲಲ್ಲಿ ತಬ್ಬಿ ಹಿಡಿದು ಶುರು ಮಾಡಿಯೇಬಿಟ್ಟ. ಮಾವ ಕಾಫಿ ಲೋಟ ಮೇಲೆತ್ತಿ ಹಿಡಿದು, "ಕಾರ್ತಿಕ ಮಾಸ ಅಲ್ವೇನೋ, ಬಿಡು" ಅಂದರು. ಅಮ್ಮ ಆಮೇಲೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಕಾರ್ತಿಕ ಮಾಸ ಅನ್ನುವುದು ಸ್ವಲ್ಪ ಮಟ್ಟಿಗೆ ಸರಿ. ಮಿಕ್ಕದ್ದನ್ನು ಕಂಡುಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು. ಕೆಂಚನ ವಿಷಯದಲ್ಲಿ ಮೂರು ಕಾರಣ ಒಂದರ ಮೇಲೊಂದು ಕೂತಿದ್ದವು, ನಾನು ಒಂದನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದೆ. ಹಾಗಾಗಿ ಈ ಕೈಪಿಡಿಯನ್ನು ಕಾರಣದಿಂದ ಶುರು ಮಾಡದೆ ಲಕ್ಷಣದಿಂದ ಶುರು ಮಾಡಿದ್ದೇನೆ. ನಾಯಿ ಹತ್ತಿದಾಗ ನೋಡುವುದಕ್ಕಿಂತ, ಹತ್ತುವುದಕ್ಕೆ ಒಂದು ನಿಮಿಷ ಮೊದಲು ಏನಾಯಿತು ಅಂತ ನೋಡಿ. ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಇವುಗಳಲ್ಲಿ ಒಂದು ಕಂಡರೂ ಓದುವುದು ನಿಲ್ಲಿಸಿ, ಡಾಕ್ಟರ ಹತ್ತಿರ ಹೊರಡಿ

- ಶಿಶ್ನ ಹೊರಗೆ ಬಂದು ಅರ್ಧ ಗಂಟೆಯಾದರೂ ಒಳಗೆ ಹೋಗಿಲ್ಲ, ಕೆಂಪು ಕಪ್ಪಾಗುತ್ತಿದೆ ಅಥವಾ ಒಣಗುತ್ತಿದೆ.
- ಮೂತ್ರಕ್ಕೆ ನಿಂತು ತಿಣುಕುತ್ತದೆ, ಒಂದು ಹನಿಯೂ ಬರುವುದಿಲ್ಲ. ಕಲ್ಲು ಅಡ್ಡ ಕೂತಿರಬಹುದು. ಇದಕ್ಕೆ ನಾಳೆ ಬೆಳಗ್ಗೆವರೆಗೆ ಕಾಯುವ ಹಾಗಿಲ್ಲ.
- ಬೀಜ ಊದಿದೆ, ಬಿಸಿಯಾಗಿದೆ, ಮುಟ್ಟಿದರೆ ಕಿರುಚುತ್ತದೆ.
- ಶಿಶ್ನದ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿದೆ.
- ರೇಬಿಸ್ ಲಸಿಕೆ ಆಗಿರದ ನಾಯಿ, ಸ್ವಭಾವವೇ ದಿಢೀರನೆ ಬದಲಾಗಿದೆ: ಕಂಡದ್ದನ್ನು ಕಚ್ಚುವುದು, ಜೊಲ್ಲು ಸುರಿಯುವುದು, ದನಿ ಒಡೆಯುವುದು, ತೂರಾಡುವುದು. ಆಗ ನಾಯಿಯನ್ನು ಮುಟ್ಟಬೇಡಿ. ಒಂದು ಕೋಣೆಯಲ್ಲಿ ಬಾಗಿಲು ಹಾಕಿ ಡಾಕ್ಟರಿಗೆ ಫೋನ್ ಮಾಡಿ.

ಮೊದಲನೆಯದರ ಬಗ್ಗೆ ಇನ್ನೊಂದು ಮಾತು. ಉದ್ರೇಕವಾದಾಗ ಶಿಶ್ನದ ಬುಡದಲ್ಲಿ ನಿಂಬೆಹಣ್ಣಿನಂಥ ಎರಡು ಉಬ್ಬು ಕಾಣುತ್ತವೆ. ಅವು ಗಡ್ಡೆಯಲ್ಲ, ಬೀಜವೂ ಅಲ್ಲ. ಗಂಡು ನಾಯಿಯ ದೇಹರಚನೆಯೇ ಹಾಗೆ. ತಣ್ಣಗಾಗಲು ಬಿಟ್ಟರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ನಾನು ಮೊದಲ ಸಲ ಅದನ್ನು ನೋಡಿ ರಾತ್ರಿ ಹತ್ತು ಗಂಟೆಗೆ ಡಾಕ್ಟರನ್ನು ಎಬ್ಬಿಸಿದ್ದೆ. ಇಳಿಯದೇ ಇದ್ದರೆ ಮಾತ್ರ ಗಾಬರಿಯ ವಿಷಯ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ತೇವವಾಗಿಡಿ. ಒತ್ತಿ ಒಳಗೆ ತಳ್ಳಲು ಹೋಗಬೇಡಿ.

ಕಾಸಿಲ್ಲದ ತಪಾಸಣೆ

ಎರಡು ನಿಮಿಷ ಸಾಕು. ಮೊದಲು ಕಿವಿ ನೋಡಿ. ಬೀದಿನಾಯಿಗಳ ಸಂತಾನಹರಣ ಯೋಜನೆಯಲ್ಲಿ ಆಪರೇಷನ್ ಆದ ನಾಯಿಗೆ ಗುರುತಿಗಾಗಿ ಕಿವಿಯಲ್ಲಿ ಸಣ್ಣ ಕಚ್ಚು ಹಾಕಿರುತ್ತಾರೆ. ಕಚ್ಚು ಇದ್ದರೆ ನಿಮ್ಮ ನಾಯಿಗೆ ಆಪರೇಷನ್ ಆಗಿಹೋಗಿರಬಹುದು, "ಎಲ್ಲ ಹಾರ್ಮೋನಿನ ಆಟ" ಅನ್ನುವ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ಆಮೇಲೆ ಬೀಜ ಎಣಿಸಿ. ಎರಡಿರಬೇಕು. ಆರು ತಿಂಗಳು ದಾಟಿದ ಮೇಲೂ ಒಂದೇ ಕಾಣುತ್ತಿದ್ದರೆ, ಅಥವಾ ಒಂದೂ ಕಾಣದಿದ್ದರೆ, ಅದು ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಉಳಿದಿರಬಹುದು. ಹಾಗೆ ಉಳಿದದ್ದೂ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಮುಂದೆ ಅದರಲ್ಲಿ ಗಡ್ಡೆ ಬೆಳೆಯುವ ಸಾಧ್ಯತೆಯೂ ಜಾಸ್ತಿ. ಹೊರಗೆ ಕಾಣುವುದಿಲ್ಲ ಅಂತ ಬಿಟ್ಟುಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಮೂರನೆಯದು ಒಂದು ವಾರದ ಚೀಟಿ. ಫ್ರಿಜ್ ಮೇಲೆ ಒಂದು ಕಾಗದ ಅಂಟಿಸಿ. ಪ್ರತಿ ಸಲ ಹತ್ತಿದಾಗ ಗಂಟೆ, ಯಾರ ಮೇಲೆ, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಆಮೇಲೆ ನೀವು ಏನು ಮಾಡಿದಿರಿ, ಇಷ್ಟು ಬರೆಯಿರಿ. ನನಗೆ ಇದು ಸುಮ್ನೆ ಕಸರತ್ತು ಅನ್ನಿಸಿತ್ತು. ವಾರದ ಕೊನೆಗೆ ಚೀಟಿಯಲ್ಲಿ ಒಂಬತ್ತು ಸಾಲಿದ್ದವು. ಆರರಲ್ಲಿ "ಕಾಲಿಂಗ್ ಬೆಲ್" ಅಂತ ಬರೆದಿತ್ತು. ಇನ್ನೆರಡು ಸಲ, ತನ್ನ ಹಿಂಭಾಗವನ್ನು ತುಂಬಾ ಹೊತ್ತು ನೆಕ್ಕಿಕೊಂಡ ಮೇಲೆ.

ಲಕ್ಷಣ: ಯಾರಾದರೂ ಬಂದಾಗ ಮಾತ್ರ ಹತ್ತುತ್ತದೆ

ಇದು ಬಹುಪಾಲು ಕಾಮವಲ್ಲ, ಉಕ್ಕಿ ಬಂದ ಉತ್ಸಾಹ. ಹಾಲು ಉಕ್ಕುವ ಹಾಗೆ. ಬೆಲ್ ಆಯಿತು, ಹೊಸ ವಾಸನೆ, ಹೊಸ ದನಿ, ಎಲ್ಲರೂ ಎದ್ದು ಓಡಾಡುತ್ತಾರೆ. ಬೀದಿಯಲ್ಲಿ ಬೆಳೆದ ನಾಯಿಗೆ ಈ ಸಡಗರವನ್ನು ಏನು ಮಾಡಬೇಕೋ ಗೊತ್ತಿಲ್ಲ. ಕೆಲವು ನಾಯಿ ಬೊಗಳುತ್ತವೆ, ಕೆಲವು ಚಪ್ಪಲಿ ಕಚ್ಚಿಕೊಂಡು ಓಡುತ್ತವೆ, ಕೆಲವು ಕಾಲು ತಬ್ಬುತ್ತವೆ. ಆಪರೇಷನ್ ಆದ ಗಂಡು ನಾಯಿಗಳೂ, ಹೆಣ್ಣು ನಾಯಿಗಳೂ ಇದನ್ನು ಮಾಡುತ್ತವೆ.

ದತ್ತು ತಂದ ಮೊದಲ ವಾರಗಳಲ್ಲಿ ಇದು ಇರಲಿಲ್ಲ, ಈಗೆಲ್ಲಿಂದ ಬಂತು ಅಂತ ಕೇಳುತ್ತೀರಿ. ಮೊದಲ ವಾರಗಳಲ್ಲಿ ಆ ನಾಯಿ ಸಾಧುವಾಗಿರಲಿಲ್ಲ, ಹೆದರಿಕೊಂಡಿತ್ತು. ಎರಡು ಮೂರು ತಿಂಗಳಾದ ಮೇಲೆ ಇದು ತನ್ನ ಮನೆ ಅನ್ನಿಸುತ್ತದೆ, ನಿಜವಾದ ನಡವಳಿಕೆ ಹೊರಗೆ ಬರುತ್ತದೆ. ಅದೇ ಹೊತ್ತಿಗೆ ವಯಸ್ಸೂ ಬಂದಿರುತ್ತದೆ. ಗಂಡು ನಾಯಿ ಆರರಿಂದ ಹನ್ನೆರಡು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ, ದೊಡ್ಡ ತಳಿಗಳಲ್ಲಿ ಇನ್ನೂ ತಡ.

ಮಾಡಬೇಕಾದದ್ದು ಏನು? ಬೆಲ್ ಆದಾಗ ಮೊದಲು ನಾಯಿಗೆ ಬೆಲ್ಟು ಹಾಕಿ, ಆಮೇಲೆ ಬಾಗಿಲು ತೆಗೆಯಿರಿ. ಬಂದವರು ಕೂತು, ಮಾತು ತಣ್ಣಗಾದ ಮೇಲೆ ಹತ್ತಿರ ಬಿಡಿ. ಅಷ್ಟರೊಳಗೆ ಹತ್ತಿದರೆ, ಹತ್ತಿಸಿಕೊಂಡವರು ಮಾತಾಡದೆ ಎದ್ದು ಪಕ್ಕಕ್ಕೆ ಹೋಗಬೇಕು. ಕೈಯಲ್ಲಿ ತಳ್ಳಿದರೆ, "ಅಯ್ಯಯ್ಯೋ" ಅಂತ ಕೂಗಿದರೆ, ನಕ್ಕರೆ, ಅದಕ್ಕೆ ಆಟ ಸಿಕ್ಕ ಹಾಗೆ. ನಮ್ಮ ಅಣ್ಣನ ಮಗ ಒಂದು ಸಲ ಬಿದ್ದು ಬಿದ್ದು ನಕ್ಕು ಮೊಬೈಲಲ್ಲಿ ವಿಡಿಯೋ ತೆಗೆದ. ಕೆಂಚ ಆ ವಾರಪೂರ್ತಿ ಅವನ ಕಾಲನ್ನೇ ಹುಡುಕುತ್ತಿದ್ದ.

ಜೊತೆಗೆ ಒಂದು ಬದಲಿ ಕೆಲಸ ಕಲಿಸಿ. ಮೂಲೆಯಲ್ಲಿ ಒಂದು ಹಳೇ ಜಮಖಾನ ಹಾಸಿ. ಮನೆಯವರೇ ಬೆಲ್ ಒತ್ತಬೇಕು, ನಾಯಿಯನ್ನು ಜಮಖಾನದ ಮೇಲೆ ಕರೆದು ಕೋಳಿ ಚೂರೋ ಪನೀರ್ ಚೂರೋ ಕೊಡಬೇಕು. ದಿನಕ್ಕೆ ಐದಾರು ಸಲ, ಎರಡು ಮೂರು ವಾರ. ಬೆಲ್ ಅಂದರೆ ಜಮಖಾನ, ಜಮಖಾನ ಅಂದರೆ ತಿಂಡಿ ಅಂತ ತಲೆಗೆ ಹೋಗುವವರೆಗೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಕೊಡಬೇಡಿ, ಅವು ನಾಯಿಗೆ ವಿಷ.

ಲಕ್ಷಣ: ಊಟ ಬಿಟ್ಟಿದೆ, ರಾತ್ರಿ ಊಳಿಡುತ್ತದೆ, ಗೇಟು ಬಿಟ್ಟು ಕದಲುವುದಿಲ್ಲ

ಹತ್ತಿರದಲ್ಲಿ ಎಲ್ಲೋ ಬೆದೆಗೆ ಬಂದ ಹೆಣ್ಣು ನಾಯಿ ಇದೆ. ವಾಕಿಂಗ್ ಹೋದಾಗ ಒಂದೇ ಜಾಗವನ್ನು ಮೂಸಿ ಮೂಸಿ ನೆಕ್ಕಿ, ಹಲ್ಲು ಕಟಕಟ ಅನ್ನಿಸಿ, ಬಾಯಲ್ಲಿ ನೊರೆ ತಂದುಕೊಂಡರೆ ಅನುಮಾನವೇ ಬೇಡ. ವಾಸನೆಯನ್ನು ಅದು ಹಾಗೆ ಓದುತ್ತದೆ.

ಗಂಡು ನಾಯಿಗೆ ಬೆದೆ ಬರುವುದಿಲ್ಲ. ಅದು ವರ್ಷವಿಡೀ ತಯಾರಾಗಿಯೇ ಇರುತ್ತದೆ, ಹೆಣ್ಣಿನ ವಾಸನೆ ಬಂದಾಗ ಎದ್ದು ಕೂರುತ್ತದೆ, ಅಷ್ಟೆ. ನಮ್ಮ ಬೀದಿ ನಾಯಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚಿನ ಹೆಣ್ಣುಗಳು ಬೆದೆಗೆ ಬರುತ್ತವೆ, ಚಳಿಗಾಲದಲ್ಲಿ ಮರಿ ಹಾಕುತ್ತವೆ. ಕಾರ್ತಿಕ ಮಾಸದ ನಾಯಿ ಅನ್ನುವ ಬೈಗುಳ ಸುಮ್ನೆ ಹುಟ್ಟಿದ್ದಲ್ಲ. ಒಂದು ಹೆಣ್ಣಿನ ಬೆದೆ ಸುಮಾರು ಮೂರು ವಾರ ಇರುತ್ತದೆ. ಆದರೆ ಬೀದಿಯಲ್ಲಿ ನಾಲ್ಕು ಹೆಣ್ಣಿದ್ದು ಒಂದಾದ ಮೇಲೊಂದು ಬೆದೆಗೆ ಬಂದರೆ ನಿಮ್ಮ ಎರಡು ತಿಂಗಳ ನಿದ್ದೆ ಹೋಯಿತು ಅಂತಲೇ ಲೆಕ್ಕ.

ಈ ಸಮಯದಲ್ಲಿ ಪಾಠ ಹೇಳಲು ಹೋಗಬೇಡಿ, ತಲೆಗೆ ಹೋಗುವುದಿಲ್ಲ. ತಪ್ಪಿಸಿಕೊಳ್ಳದ ಹಾಗೆ ನೋಡಿಕೊಂಡರೆ ಸಾಕು. ವಾಕಿಂಗಿಗೆ ಬೇರೆ ದಾರಿ, ಬೇರೆ ಹೊತ್ತು. ಕತ್ತಿನ ಪಟ್ಟಿ ಮಾತ್ರ ಸಾಲದು, ತಲೆ ಹಿಂದಕ್ಕೆ ಎಳೆದು ಕಳಚಿಕೊಳ್ಳುತ್ತವೆ. ಎದೆಗೆ ಕಟ್ಟುವ ಹಾರ್ನೆಸ್ ಹಾಕಿ, ಫೋನ್ ನಂಬರಿನ ಬಿಲ್ಲೆ ತೂಗುಹಾಕಿ. ಕಾಂಪೌಂಡಿನ ಪಕ್ಕದಲ್ಲಿರುವ ನೀರಿನ ಡ್ರಮ್ಮು, ಇಟ್ಟಿಗೆ ರಾಶಿ ತೆಗೆಸಿ, ಅವೇ ಮೆಟ್ಟಿಲಾಗುತ್ತವೆ. ಬೀದಿಗೆ ಓಡಿದ ನಾಯಿಗೆ ಮೊದಲ ಅಪಾಯ ವಾಹನದ್ದು, ಎರಡನೆಯದು ಬೇರೆ ಗಂಡು ನಾಯಿಗಳ ಹಲ್ಲಿನದ್ದು.

ಓಡಿಹೋಗಿ ಹೆಣ್ಣಿನ ಜೊತೆ ಗಂಟು ಬಿದ್ದೇಬಿಟ್ಟಿದ್ದರೆ ನೀರೆರಚಬೇಡಿ, ಹೊಡೆಯಬೇಡಿ, ಎಳೆಯಬೇಡಿ. ಐದು ನಿಮಿಷದಿಂದ ಅರ್ಧ ಗಂಟೆ ಹಾಗೆ ಇರುತ್ತವೆ, ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಎಳೆದರೆ ಎರಡಕ್ಕೂ ಗಾಯವಾಗುತ್ತದೆ. ಮಕ್ಕಳು ಕಲ್ಲು ಹೊಡೆಯದ ಹಾಗೆ ನಿಂತು ಕಾಯಿರಿ. ಇನ್ನು ಬೀದಿಯ ಹೆಣ್ಣು ನಾಯಿಗಳ ವಿಷಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳ ಆಪರೇಷನ್ ಸ್ಥಳೀಯ ಸಂಸ್ಥೆಯ ಹೊಣೆ. ಪಾಲಿಕೆಗೋ ಪಂಚಾಯಿತಿಗೋ ಒಂದು ಅರ್ಜಿ ಕೊಟ್ಟಿಡಿ. ತಕ್ಷಣ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಲಕ್ಷಣ: ಬೈದ ಮೇಲೆ, ಪಟಾಕಿ ಹೊಡೆದ ಮೇಲೆ, ಮನೆ ಬದಲಾಯಿಸಿದ ಮೇಲೆ

ಹತ್ತುವ ಮೊದಲು ಸುಮ್ನೆ ತುಟಿ ನೆಕ್ಕುತ್ತದೆಯಾ? ನಿದ್ದೆ ಬಾರದಿದ್ದರೂ ಆಕಳಿಸುತ್ತದೆಯಾ? ಕಿವಿ ಹಿಂದಕ್ಕೆ, ಬಾಲ ಕೆಳಗೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ? ಹಾಗಿದ್ದರೆ ಅದು ಗಾಬರಿ. ನಾವು ಉಗುರು ಕಚ್ಚುವ ಹಾಗೆ ಅದು ಹತ್ತುತ್ತದೆ.

ಇಲ್ಲೇ ನಾವು ದೊಡ್ಡ ತಪ್ಪು ಮಾಡುವುದು. "ನಾಯಿ ನಿಮ್ಮ ಮೇಲೆ ಯಜಮಾನಿಕೆ ಮಾಡ್ತಿದೆ, ನೆಲಕ್ಕೆ ಕೆಡವಿ ಅದುಮಿ ಹಿಡೀರಿ" ಅಂತ ಹೇಳುವ ಪಂಡಿತರು ಪ್ರತಿ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಹೆದರಿದ ನಾಯಿಯನ್ನು ಕೆಡವಿದರೆ ಅದು ಮುಖಕ್ಕೇ ಬಾಯಿ ಹಾಕುತ್ತದೆ. ಬೈದರೆ ಗಾಬರಿ ಹೆಚ್ಚುತ್ತದೆ, ಗಾಬರಿ ಹೆಚ್ಚಿದರೆ ಹತ್ತುವುದೂ ಹೆಚ್ಚುತ್ತದೆ. ಪಟಾಕಿಯ ರಾತ್ರಿ ಒಳಕೋಣೆ, ಮುಚ್ಚಿದ ಕಿಟಕಿ, ಫ್ಯಾನು, ಟಿವಿ ಸದ್ದು, ಬಾಯಿಗೆ ಅಗಿಯಲು ಏನಾದರೂ, ಇಷ್ಟು ಮಾಡಿ. ತೀರಾ ನಡುಗುವ ನಾಯಿಗೆ ಡಾಕ್ಟರು ಔಷಧಿ ಬರೆದುಕೊಡುತ್ತಾರೆ, ಹಬ್ಬಕ್ಕೆ ವಾರ ಮೊದಲೇ ಕೇಳಿ.

ಲಕ್ಷಣ: ಬೇರೆ ನಾಯಿಗಳ ಮೇಲೆ ಹತ್ತುತ್ತದೆ

ಆಟದ ನಡುವೆ ಒಂದೆರಡು ಸಲ ಹತ್ತಿ ಇಳಿದರೆ ಅದು ಆಟವೇ. ಕೆಳಗಿನ ನಾಯಿಯ ಮುಖ ನೋಡಿ. ಅದು ತಿರುಗಿ ಆಟಕ್ಕೆ ಬಂದರೆ ಬಿಡಿ. ಅದು ಬಗ್ಗಿ ಕೂತರೆ, ಓಡಲು ನೋಡಿದರೆ, ಗುರ್ ಅಂದರೆ ನಿಮ್ಮ ನಾಯಿಯನ್ನು ಕರೆದುಕೊಳ್ಳಿ. ಎರಡು ನಿಮಿಷ ದೂರ ನಿಲ್ಲಿಸಿ, ಉಸಿರು ತಣ್ಣಗಾದ ಮೇಲೆ ಮತ್ತೆ ಬಿಡಿ. ಆಪರೇಷನ್ ಆಗದ ಎರಡು ಗಂಡುಗಳನ್ನು ಬೆದೆಯ ಕಾಲದಲ್ಲಿ ಒಟ್ಟಿಗೆ ಬಿಡದಿರುವುದೇ ಮೇಲು.

ಲಕ್ಷಣ: ದಿಂಬು, ಹಾಸಿಗೆ, ಮಡಿಸಿಟ್ಟ ಕಂಬಳಿ

ದಿನಕ್ಕೊಂದು ಸಲ, ಒಂದು ನಿಮಿಷ, ಆಮೇಲೆ ಮಲಗುತ್ತದೆ ಅಂದರೆ ನಾನಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅತಿಥಿಗಳ ಮುಂದೆ ಆ ದಿಂಬು ಇಡಬೇಡಿ, ಅಷ್ಟೆ. ಗಂಟೆಗಟ್ಟಲೆ ಮಾಡಿದರೆ, ಕರೆದರೂ ಬಾರದಿದ್ದರೆ, ಚರ್ಮ ಸುಲಿದು ಕೆಂಪಾಗಿದ್ದರೆ ಮುಂದಿನ ಭಾಗ ಓದಿ.

ಲಕ್ಷಣ: ಹತ್ತುವುದರ ಜೊತೆಗೆ ನೆಕ್ಕುವುದು, ಹನಿ ಹನಿ ಮೂತ್ರ, ಉಜ್ಜುವುದು

ನಾನು ಎಡವಿದ ಜಾಗ ಇದು. ಕೆಂಚ ನೆಕ್ಕಿಕೊಳ್ಳುವುದನ್ನು ದಿನಾ ನೋಡುತ್ತಿದ್ದೆ, ಗಂಡು ನಾಯಿ ಅಲ್ವಾ ಅಂತ ಬಿಟ್ಟಿದ್ದೆ. ಮೈಯಲ್ಲಿ ಉರಿಯೋ ತುರಿಕೆಯೋ ಇದ್ದರೂ ನಾಯಿ ಹತ್ತಿ ಉಜ್ಜುತ್ತದೆ. ನಮಗೆ ಅದು ಕಾಮದಂತೆ ಕಾಣುತ್ತದೆ.

ಮುಂದೊಗಲಿನ ತುದಿಯಲ್ಲಿ ಸ್ವಲ್ಪ ಹಳದಿ-ಹಸಿರು ಲೋಳೆ ಕಾಣುವುದು ಆಪರೇಷನ್ ಆಗದ ನಾಯಿಗಳಲ್ಲಿ ಮಾಮೂಲು. ಅದು ಜಾಸ್ತಿಯಾಗಿ, ನಾತ ಹೊಡೆದು, ನೆಲಕ್ಕೆ ತೊಟ್ಟಿಕ್ಕಿದರೆ ಒಳಗೆ ಸೋಂಕಿದೆ. ಹತ್ತು ಹೆಜ್ಜೆಗೊಮ್ಮೆ ಕಾಲೆತ್ತಿ ಗುರುತು ಹಾಕುವುದು ಗಂಡು ನಾಯಿಯ ಹುಟ್ಟುಗುಣ. ಆದರೆ ಮನೆಯೊಳಗೇ ತಡೆಯಲಾರದೆ ಹನಿ ಬೀಳಿಸಿದರೆ, ಮೂತ್ರ ಕೆಂಪಾಗಿದ್ದರೆ ಮೂತ್ರದ ಸೋಂಕೋ ಕಲ್ಲೋ ಇರಬೇಕು. ಡಾಕ್ಟರು ಮೂತ್ರ ತನ್ನಿ ಅನ್ನುತ್ತಾರೆ. ಬೆಳಗಿನ ಮೊದಲ ಮೂತ್ರಕ್ಕೆ ಕಾಲೆತ್ತಿದಾಗ ಹಿಂದಿನಿಂದ ಒಂದು ಹಳೇ ಸೌಟು ಚಾಚಿ, ಅಲ್ಲಿಂದ ತೊಳೆದ ಡಬ್ಬಿಗೆ ಸುರಿದು ತಡಮಾಡದೆ ಕೊಡಿ. ಸೌಟನ್ನು ಅಡುಗೆಮನೆಗೆ ವಾಪಸ್ ಇಡಬೇಡಿ. ನಮ್ಮಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು.

ಕುಂಡಿಯನ್ನು ನೆಲಕ್ಕೆ ಉಜ್ಜುತ್ತಾ ಎಳೆದುಕೊಂಡು ಹೋದರೆ ಗುದದ ಪಕ್ಕದ ಗ್ರಂಥಿ ತುಂಬಿರಬಹುದು. ತೊಡೆಸಂದಿಯಲ್ಲಿ ಉಣ್ಣೆ, ಚಿಗಟ, ಕೆಂಪು ದದ್ದು ಇದೆಯಾ ಅಂತಲೂ ನೋಡಿ. ಐದಾರು ವರ್ಷ ದಾಟಿದ ನಾಯಿಯಲ್ಲಿ ಮೂತ್ರದಲ್ಲಿ ರಕ್ತ, ಮಲಕ್ಕೆ ತಿಣುಕುವುದು ಎರಡೂ ಇದ್ದರೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು. ಆಪರೇಷನ್ ಆಗದ ವಯಸ್ಸಾದ ಗಂಡುಗಳಲ್ಲಿ ಇದು ತುಂಬಾ ಸಾಮಾನ್ಯ.

ಬೀದಿಯಿಂದ ಬಂದ ನಾಯಿಯ ವಿಷಯದಲ್ಲಿ ಇನ್ನೊಂದನ್ನು ಮರೆಯಬೇಡಿ. ಟಿವಿಟಿ ಅಂತ ಒಂದು ಕ್ಯಾನ್ಸರ್ ಗಡ್ಡೆ ಇದೆ. ಕೂಡುವಾಗ, ನೆಕ್ಕುವಾಗ ನಾಯಿಯಿಂದ ನಾಯಿಗೆ ಹರಡುತ್ತದೆ. ಶಿಶ್ನದ ಮೇಲೆ ಹೂಕೋಸಿನಂಥ ಕೆಂಪು ಗಂಟು ಬರುತ್ತದೆ, ಒಳಗೆ ಮುಚ್ಚಿಕೊಂಡಿರುವುದರಿಂದ ನಮಗೆ ಕಾಣುವುದಿಲ್ಲ, ಆಗಾಗ ಬೀಳುವ ರಕ್ತದ ಹನಿ ಮಾತ್ರ ಕಾಣುತ್ತದೆ. ಹೆಸರು ಕೇಳಿ ಹೆದರಬೇಡಿ. ವಿನ್‌ಕ್ರಿಸ್ಟಿನ್ ಅನ್ನುವ ಇಂಜೆಕ್ಷನ್ನನ್ನು ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಇಂಜೆಕ್ಷನ್ ನಡೆಯುವಷ್ಟು ದಿನ ನಾಯಿಯ ಮಲಮೂತ್ರವನ್ನು ಗ್ಲೌಸ್ ಹಾಕಿಕೊಂಡು ತೆಗೆಯಿರಿ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತವೆ. ಡೆಟಾಲ್ ಸುರಿದು ತೊಳೆಯುವುದೂ ಬೇಡ.

ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದವರು ಇದ್ದರೆ

ಇಪ್ಪತ್ತು ಕೆಜಿಯ ನಾಯಿ ಹಿಂದಿನಿಂದ ಹತ್ತಿದರೆ ಮಗು ಮುಖ ಅಡಿಯಾಗಿ ಬೀಳುತ್ತದೆ, ಅಜ್ಜಿಯ ಸೊಂಟ ಮುರಿಯುತ್ತದೆ. ಕಾರಣ ಯಾವುದೇ ಇರಲಿ, ಅದು ಸಿಗುವವರೆಗೆ ದೊಡ್ಡವರ ಕಣ್ಣಿಲ್ಲದೆ ಮಗುವಿನ ಜೊತೆ ಬಿಡಬೇಡಿ. ಬಾಗಿಲಿಗೆ ಅಡ್ಡ ಗೇಟು ಹಾಕಿಸಿ. ನೀವು ಮನೆಯಲ್ಲಿದ್ದಾಗ ಎರಡು ಅಡಿಯ ಹಗುರ ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟಿ ಎಳೆದಾಡಲು ಬಿಡಿ. ಬಿಡಿಸಬೇಕಾದಾಗ ಕತ್ತಿಗೆ ಕೈ ಹಾಕುವ ಬದಲು ಹಗ್ಗ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಬಹುದು. ಒಂಟಿಯಾಗಿ ಬಿಟ್ಟು ಹೋಗುವಾಗ ಹಗ್ಗ ಬಿಚ್ಚಿ, ಇಲ್ಲದಿದ್ದರೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ.

ಬಿಡಿಸಲು ಹೋದಾಗ ಹಲ್ಲು ತೋರಿಸಿದರೆ ಮನೆಮದ್ದು ನಿಲ್ಲಿಸಬೇಕು ಅಂತ ಅರ್ಥ. ಹೊಡೆಯದೆ ಕಲಿಸುವ ತರಬೇತುದಾರರನ್ನು ಕರೆಸಿ, ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಿ. ಹಲ್ಲು ತಾಗಿ ಗೀರಾದರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಕೇಳಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ.

ಕೊನೆಯ ಹೆಜ್ಜೆ: ಆಪರೇಷನ್

ಮಾಡಿಸಿ ಅಂತಲೇ ನಾನು ಹೇಳುವುದು. ಬೀದಿಯಲ್ಲಿ ಮರಿಗಳ ಸಂಖ್ಯೆ ನೋಡಿದವರು ಬೇರೆ ಮಾತು ಆಡಲಾರರು. ಆದರೆ ಆಪರೇಷನ್ ಆದ ಮರುದಿನವೇ ಹತ್ತುವುದು ನಿಲ್ಲುತ್ತದೆ ಅಂತ ಮಾಡಿಸಬೇಡಿ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 57 ಗಂಡು ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹತ್ತುವುದು, ಮನೆಯೊಳಗೆ ಮೂತ್ರದ ಗುರುತು, ಅಲೆದಾಟ ಈ ಮೂರೂ ಅರ್ಧಕ್ಕರ್ಧ ಅಥವಾ ಇನ್ನೂ ಹೆಚ್ಚು ಇಳಿದದ್ದು 60 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ನಾಯಿಗಳಲ್ಲಿ. ಮಿಕ್ಕವುಗಳಲ್ಲಿ ಅಷ್ಟು ಇಳಿಯಲಿಲ್ಲ. ಬೆಲ್ಲಿನ ಸಡಗರಕ್ಕೋ ಪಟಾಕಿಯ ಗಾಬರಿಗೋ ಹತ್ತುವ ನಾಯಿಯಲ್ಲಿ ಬೀಜ ತೆಗೆದ ಮಾತ್ರಕ್ಕೆ ಸಡಗರವೂ ಗಾಬರಿಯೂ ಹೋಗುವುದಿಲ್ಲವಲ್ಲ. ಎಲ್ಲಕ್ಕೂ ಬೆಚ್ಚುವ ನಾಯಿಯಾದರೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರ ಜೊತೆ ಕೂತು ಮಾತಾಡಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಮೂಳೆ ಕೀಲು ಬಲಿಯಲಿ ಅಂತ ಒಂದು ವರ್ಷ ದಾಟುವವರೆಗೆ ಕಾಯುವುದುಂಟು.

ಕೆಂಚನಿಗೆ ಮೂತ್ರದ ಸೋಂಕು ಸಿಕ್ಕಿತು. ಆಂಟಿಬಯೋಟಿಕ್ ಕೋರ್ಸ್ ಮುಗಿದ ಮೇಲೆ ನೆಕ್ಕುವುದು ನಿಂತಿತು. ಜಮಖಾನದ ಪಾಠ ಡಿಸೆಂಬರ್ ಪೂರ್ತಿ ನಡೆಯಿತು. ಫೆಬ್ರವರಿಯಲ್ಲಿ ಆಪರೇಷನ್ ಮಾಡಿಸಿದೆವು. ಹೊಲಿಗೆ ಒಣಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಕುತ್ತಿಗೆಗೆ ನೆಕ್ಕದ ಹಾಗೆ ತಡೆಯುವ ಪ್ಲಾಸ್ಟಿಕ್ ಕೋನ್ ಹಾಕಿರಲೇಬೇಕು, ಎಷ್ಟೇ ಪಾಪ ಅನ್ನಿಸಿದರೂ ತೆಗೆಯಬೇಡಿ. ಒಂದು ರಾತ್ರಿಯಲ್ಲಿ ಹೊಲಿಗೆ ಕಿತ್ತುಹಾಕುತ್ತವೆ. ಆಪರೇಷನ್ ಆದ ಮೇಲೂ ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಮರಿ ಹುಟ್ಟಿಸಬಲ್ಲದು, ಹಾಗಾಗಿ ಒಂದೂವರೆ ತಿಂಗಳು ಹೆಣ್ಣು ನಾಯಿಗಳಿಂದ ದೂರ ಇಡಿ. ಹಾರ್ಮೋನು ಬೇಗ ಇಳಿದರೂ ಅಭ್ಯಾಸ ಇಳಿಯುವುದು ನಿಧಾನ. ಎರಡು ಮೂರು ತಿಂಗಳಾದರೂ ಮೊದಲಿನಷ್ಟೇ ಹತ್ತುತ್ತಿದ್ದರೆ ಫ್ರಿಜ್ ಮೇಲೆ ಹೊಸ ಚೀಟಿ ಅಂಟಿಸಿ, ಒಂದು ವಾರ ಬರೆದು, ಅದನ್ನೇ ಡಾಕ್ಟರಿಗೆ ತೋರಿಸಿ.